ಈಗ್ಯಾಕೆ ನನ್ನ ಫೋಟೋ

ನಮ್ಮ ತಾತ ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಕಾಫಿ ಕೊಟ್ಟರೆ ಕುಡಿಯುವ ಮೊದಲು ಮೂಸುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟರೆ ಹಿಂದೆ ಮುಂದೆ ಎರಡೂ ಕಡೆ ನೋಡಿಯೇ ಜೇಬಿಗಿಡುತ್ತಿದ್ದರು. ಅಮ್ಮ ಬಾಗಿಲಿಗೆ ಅಗುಳಿ ಹಾಕಿ ಬಂದ ಮೇಲೆ ತಾವೊಮ್ಮೆ ಹೋಗಿ ಎಳೆದು ನೋಡುತ್ತಿದ್ದರು. ಯಾರಾದರೂ ನಗುನಗುತ್ತಾ ಮಾತಾಡಿಸಿಕೊಂಡು ಹೋದರೆ, "ಅವನು ಯಾತಕ್ಕೆ ಬಂದಿದ್ದ ಅಂತೀರಿ?" ಎಂದು ಮನೆಯವರನ್ನೆಲ್ಲ ಕೇಳುತ್ತಿದ್ದರು. ಅಂಥವರ ಮುಖಕ್ಕೆ ನಾನು ಕ್ಯಾಮೆರಾ ಹಿಡಿಯಲು ಹೋದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ತಿಪಟೂರಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮೂರು ಅರಳಗುಪ್ಪೆಯಿಂದ ಸ್ವಲ್ಪ ಆಚೆ. ಬಸ್ಸಿಳಿದು ತೆಂಗಿನ ತೋಟಗಳ ನಡುವೆ ನಡೆದು ಮನೆ ಸೇರಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಹೊಸ ಕ್ಯಾಮೆರಾ ಕೊಂಡಾಗ, ತನ್ನ ಹಳೆಯದನ್ನು ನನಗೆ ಕೊಟ್ಟ. ಅದರ ಲೆನ್ಸಿನ ಸುತ್ತ ಮೂರು ಸಣ್ಣ ಚಿತ್ರಗಳಿದ್ದವು. ಒಂದು ಮನುಷ್ಯನ ತಲೆ, ಒಂದು ಜನರ ಗುಂಪು, ಒಂದು ಬೆಟ್ಟ. ಹತ್ತಿರದವರನ್ನು ತೆಗೆಯುವಾಗ ತಲೆಗೆ ತಿರುಗಿಸಬೇಕು, ದೂರಕ್ಕೆ ಬೆಟ್ಟಕ್ಕೆ. ಇಷ್ಟನ್ನು ಹೇಳಿಕೊಟ್ಟು, "ಹನ್ನೆರಡೇ ಬರೋದು, ನೋಡ್ಕೊಂಡು ತೆಗಿ" ಎಂದು ಒಂದು ರೋಲನ್ನೂ ಕೊಟ್ಟು ಹೋದ.

ಮೊದಲ ರೋಲನ್ನು ಒಂದೇ ಭಾನುವಾರ ಮುಗಿಸಿದೆ. ತಾತನೊಬ್ಬರನ್ನು ಬಿಟ್ಟು ಮನೆಯವರನ್ನೂ ಅಕ್ಕಪಕ್ಕದವರನ್ನೂ ಬಿಸಿಲು ಚೆನ್ನಾಗಿದೆಯೆಂದು ಮಧ್ಯಾಹ್ನದ ಹೊತ್ತು ಅಂಗಳದಲ್ಲಿ ನಿಲ್ಲಿಸಿ ತೆಗೆದೆ. ತಿಪಟೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದಲ್ಲಿ ತೊಳೆಯಲು ಕೊಟ್ಟು, ವಾರ ಬಿಟ್ಟು ಹೋಗಿ ನೋಡಿದರೆ ಒಬ್ಬರಿಗೂ ಕಣ್ಣಿಲ್ಲ. ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿಗಳು. ಮೂಗಿನ ನೆರಳು ಬಾಯಿಯ ಮೇಲೆ ಮೀಸೆಯ ಹಾಗೆ ಬಿದ್ದಿತ್ತು, ಹೆಂಗಸರಿಗೂ. ಎಲ್ಲರೂ ಕೈ ಕಟ್ಟಿಕೊಂಡು, ಉಸಿರು ಬಿಗಿ ಹಿಡಿದು ನಿಂತಿದ್ದರು. ಸ್ಟುಡಿಯೋದವನು ಚಿತ್ರಗಳನ್ನು ಲಕೋಟೆಗೆ ಹಾಕುತ್ತಾ, "ಎಲ್ಲಾ ಸಾಕ್ಷಿ ಹೇಳಕ್ಕೆ ಬಂದೋರ ಥರ ನಿಂತವ್ರಲ್ಲಮ್ಮ" ಎಂದ.

ಆದರೆ ಜನ ಹಾಗೆ ನಿಂತಿದ್ದಕ್ಕೆ ಬಿಸಿಲೊಂದೇ ಕಾರಣ ಅಲ್ಲ ಎಂದು ನನಗೆ ನಿಧಾನವಾಗಿ ತಿಳಿಯಿತು. ನಮ್ಮ ಕಡೆ ಆಗ ಯಾರೂ ಸುಮ್ಮಸುಮ್ಮನೆ ಫೋಟೋ ತೆಗೆಸುತ್ತಿರಲಿಲ್ಲ. ಹುಡುಗಿಯ ಫೋಟೋ ತೆಗೆದರೆ ಯಾವುದೋ ಊರಿನ ಗಂಡಿನ ಮನೆಗೆ ಹೋಗುತ್ತದೆ ಎಂದು ಅರ್ಥ. ಗಂಡಸರ ಫೋಟೋ ತೆಗೆದರೆ ಬ್ಯಾಂಕಿಗೋ ಕೋರ್ಟಿಗೋ. ವಯಸ್ಸಾದವರ ಫೋಟೋ ತೆಗೆದರೆ ಗೋಡೆಗೆ. ನಮ್ಮ ಪಡಸಾಲೆಯ ಗೋಡೆಯ ಮೇಲಿದ್ದವರೆಲ್ಲ ತೀರಿಹೋದವರೇ. ಅವರಲ್ಲಿ ನನ್ನ ಅಜ್ಜಿಯೂ ಇದ್ದಳು. ಕುರ್ಚಿಯಲ್ಲಿ ಕೂತು, ಹಣೆ ತುಂಬ ವಿಭೂತಿ ಇಟ್ಟುಕೊಂಡು, ಕಣ್ಣನ್ನು ಅಗಲವಾಗಿ ಬಿಟ್ಟುಕೊಂಡು ನೋಡುತ್ತಿದ್ದಳು. ನಾನು ತೊಟ್ಟಿಲಲ್ಲಿದ್ದಾಗಲೇ ಹೋದವಳು. ಕ್ಯಾಮೆರಾ ನೋಡಿ ಹೆದರಿರಬೇಕು ಅಂತಲೇ ನಾನು ಅಂದುಕೊಂಡಿದ್ದೆ.

ನನ್ನ ಕ್ಲಾಸಿನ ಗೆಳತಿಯೊಬ್ಬಳು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡು, ಮರುದಿನ ಬಂದು, "ಅದರ ನೆಗೆಟಿವ್ ನನಗೇ ಕೊಟ್ಟುಬುಡು ಕಣೇ, ಎಲ್ಲಿಗೆ ಹೋಗ್ತದೋ ಏನೋ" ಎಂದಳು. ನಾನು ಕತ್ತರಿಸಿ ಅವಳ ಕೈಗೇ ಕೊಟ್ಟೆ. ಅದಾದ ಮೇಲೆ ಅವಳು ನನ್ನ ಕ್ಯಾಮೆರಾದ ಮುಂದೆ ಸಲೀಸಾಗಿ ಕೂರತೊಡಗಿದಳು. ಮುಖ ಸಡಿಲವಾಗಬೇಕಾದರೆ ಎದುರಿನವರಿಗೆ ಮೊದಲು ಭರವಸೆ ಬೇಕು ಎನ್ನುವುದು ನನಗೆ ಅವಳಿಂದ ಗೊತ್ತಾಯಿತು. ಉಳಿದದ್ದನ್ನು ಹಾಳಾದ ಚಿತ್ರಗಳೇ ಕಲಿಸಿದವು. ಅಂಗಳದ ಬಿಸಿಲಿಗಿಂತ ಜಗಲಿಯ ನೆರಳು ಮೇಲು. ಆಚೆಯ ಬೆಳಕು ಮುಖದ ಮೇಲೆ ಮೆತ್ತಗೆ ಬೀಳುತ್ತದೆ, ಕಣ್ಣೊಳಗೆ ಒಂದು ಚುಕ್ಕಿ ಹೊಳೆಯುತ್ತದೆ. ದೂರ ನಿಂತು ಇಡೀ ಮನುಷ್ಯನನ್ನು ಹಿಡಿಯಬಾರದು, ಎರಡು ಹೆಜ್ಜೆ ಹತ್ತಿರ ಹೋಗಬೇಕು. ಬೆನ್ನ ಹಿಂದೆ ಕಂಬ, ಹಗ್ಗ, ಒಣಗಿಹಾಕಿದ ಬಟ್ಟೆ ಬಾರದ ಹಾಗೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೈಗೆ ಏನಾದರೂ ಕೆಲಸ ಇರಬೇಕು. ಅಮ್ಮನನ್ನು ಸುಮ್ಮನೆ ಕೂರಿಸಿದಾಗ ಅವಳು ಕಲ್ಲಾಗಿದ್ದಳು. ಜಗಲಿಯಲ್ಲಿ ಅವರೆಕಾಯಿ ಸುಲಿಯುವಾಗ ತೆಗೆದದ್ದರಲ್ಲಿ ಮಾತ್ರ, ನಾವು ದಿನಾ ನೋಡುವ ಅಮ್ಮ ಬಂದಿದ್ದಳು.

ಆ ಚಿತ್ರವನ್ನು ಅಪ್ಪ ಬಹಳ ಹೊತ್ತು ನೋಡಿದರು. ಒಂದೆರಡು ದಿನ ಕಳೆದ ಮೇಲೆ, ನಾನು ಕೊಟ್ಟಿಗೆಯ ಹತ್ತಿರ ಒಬ್ಬಳೇ ಇದ್ದಾಗ ಬಂದು, ದನಿ ತಗ್ಗಿಸಿ ಹೇಳಿದರು: "ತಾತಂದು ಒಂದು ತೆಗಿ. ಅವರೊಬ್ಬರದೇ. ಮುಖ ದೊಡ್ಡದಾಗಿ ಬರ್ಲಿ. ನಾನು ಹೇಳ್ದೆ ಅನ್ನಬ್ಯಾಡ."

ಆಗಲೇ ನನಗೆ ಏನೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕ್ಯಾಮೆರಾ ತಗೊಂಡು ಸೀದಾ ತಾತನ ಮುಂದೆ ಹೋಗಿ ನಿಂತೆ. ಅವರು ಜಗಲಿಯ ಮೇಲೆ ಕೂತು ನಶ್ಯದ ಡಬ್ಬಿ ತೆರೆಯುತ್ತಿದ್ದರು.

"ತಾತ, ನಿಂದೊಂದು ಫೋಟೋ."

ಅವರು ಡಬ್ಬಿ ಮುಚ್ಚಿದರು. "ಯಾರು ಹೇಳ್ದೋರು?"

"ಯಾರೂ ಹೇಳ್ಲಿಲ್ಲ. ಎಲ್ಲರದೂ ತೆಗ್ದೆ, ನಿಂದೊಂದು ಬಾಕಿ."

"ಇಷ್ಟು ದಿವ್ಸ ಬಾಕಿ ಇದ್ದಿದ್ದು, ಈಗ್ಯಾಕೆ?"

ತಾತ ನನ್ನ ಮುಖವನ್ನೇ ನೋಡಿದರು. ನಾನು ಕ್ಯಾಮೆರಾದೊಳಗೆ ನೋಡುವುದಕ್ಕಿಂತ ಚೆನ್ನಾಗಿ ಅವರು ನನ್ನೊಳಗೆ ನೋಡುತ್ತಿದ್ದರು. "ಒಬ್ಬಂದೇ ತೆಗೀತೀಯಾ, ಎಲ್ಲರ ಜೊತೆಗಾ?" ಎಂದು ಕೇಳಿದರು. ಒಬ್ಬರದೇ ಎಂದೆ. "ಪೂರಾ ಆಳೋ, ಬರೀ ಮುಖವೋ?" ಬರೀ ಮುಖ ಎಂದೆ. ಅವರು ತಲೆಯಾಡಿಸಿದರು. ಏನೋ ಗಟ್ಟಿಯಾದ ಹಾಗೆ. ಎದ್ದು ಒಳಗೆ ಹೋಗಿಬಿಟ್ಟರು.

ಅಂದಿನ ಸಂಜೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಣೆ ಶುರು ಮಾಡಿದರು. ಸ್ವಲ್ಪ ದಿನದ ಹಿಂದೆ ಅಪ್ಪ ಅವರನ್ನು ಕೆಮ್ಮಿಗೆಂದು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ಪರೀಕ್ಷೆ ಮಾಡಿ ತಾತನನ್ನು ಆಚೆ ಬೆಂಚಿನ ಮೇಲೆ ಕೂರಲು ಹೇಳಿ, ಅಪ್ಪನನ್ನು ಒಳಗೇ ಉಳಿಸಿಕೊಂಡಿದ್ದರಂತೆ.

"ಬಾಗ್ಲು ಹಾಕ್ಕೊಂಡಿದ್ರು ಕಣೇ," ಎಂದರು ತಾತ. "ಆಚೆ ಬಂದವನು ನನ್ನ ಮುಖ ನೋಡ್ಲಿಲ್ಲ. ಏನಂದ್ರು ಅಂತ ಕೇಳಿದ್ರೆ, ಏನಿಲ್ಲ ಅಂದ. ಏನಿಲ್ಲ ಅನ್ನೋದಕ್ಕೆ ಅಷ್ಟು ಹೊತ್ತು ಬೇಕಾ?"

"ಔಷಧಿ ವಿಷಯ ಹೇಳಿರ್ತಾರೆ ತಾತ."

"ಹಂಗಾದ್ರೆ ಇದನ್ನ ಹೇಳು. ನಿಮ್ಮಪ್ಪ ನನ್ನ ಜೊತೆ ಜಗಳ ಆಡಿ ಎಷ್ಟು ದಿವ್ಸ ಆಯ್ತು?"

ನಾನು ಯೋಚಿಸಿದೆ. ಅಪ್ಪನಿಗೂ ತಾತನಿಗೂ ಜಗಳವಿಲ್ಲದ ದಿನವೇ ಇರಲಿಲ್ಲ. ಗೊಬ್ಬರಕ್ಕೆ, ನೀರಿಗೆ, ಕಾಯಿ ಕೀಳಿಸುವುದಕ್ಕೆ, ರೇಡಿಯೋ ಜೋರಾಯಿತೆಂದು, ಎಲ್ಲಕ್ಕೂ ಜಗಳ. ನಿಜವಾಗಿ ನೆನಪು ಮಾಡಿಕೊಂಡರೆ, ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಒಂದೂ ಆಗಿರಲಿಲ್ಲ. ತಾತ ಏನಂದರೂ ಅಪ್ಪ, "ಆಯ್ತು ಬುಡಪ್ಪಯ್ಯ" ಎನ್ನುತ್ತಿದ್ದರು.

"ಮೊನ್ನೆ ಕಿತ್ತಳೆಹಣ್ಣು ತಂದಿದ್ದ," ಎಂದರು ತಾತ. "ಸುಲಿದು ಕೊಟ್ಟ. ಬೀಜ ತೆಗೆದು ಕೊಟ್ಟ. ಈಗ ನೀನು ಫೋಟೋ ಡಬ್ಬಿ ಹಿಡ್ಕೊಂಡು ಬಂದಿದೀಯ."

ಆ ಮಾತಿನಿಂದ ನನ್ನೊಳಗೂ ಏನೋ ಹೊಕ್ಕಿತು. ಅಂದಿನಿಂದ ನಾನೂ ಅಪ್ಪನನ್ನು ಗಮನಿಸತೊಡಗಿದೆ. ಮೊದಲು ಕಣ್ಣಿಗೆ ಬೀಳದಿದ್ದದ್ದೆಲ್ಲ ಈಗ ಬೀಳತೊಡಗಿತು. ಅಪ್ಪ ಅಮ್ಮ ಅಡುಗೆಮನೆಯಲ್ಲಿ ಮಾತಾಡುತ್ತಿದ್ದವರು ನಾನು ಹೋದ ಕೂಡಲೇ ಸುಮ್ಮನಾದ ಹಾಗೆ. ಅಪ್ಪ ತಾತನನ್ನು ನೋಡುವಾಗ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ ಹಾಗೆ. ಒಂದು ದಿನ ಬೆಳಗ್ಗೆ, ತಾತ ಶಿವಪೂಜೆಗೆ ಕೂತಿದ್ದ ಸಮಯ ನೋಡಿಕೊಂಡು, ಅಪ್ಪ ಹಿತ್ತಲ ಬಾಗಿಲಿಂದ ಎರಡು ಮೂಟೆ ತೆಂಗಿನಕಾಯಿಯನ್ನು ಗಾಡಿಗೆ ಹಾಕಿಸಿ ಎಲ್ಲಿಗೋ ಕಳಿಸಿದರು. ಎಲ್ಲಿಗೆ ಎಂದು ಕೇಳಿದರೆ, "ನಿಂಗ್ಯಾಕೆ, ಬಸ್ಸಿಗೆ ಹೊತ್ತಾಯ್ತು ಹೋಗು" ಎಂದರು. ದೊಡ್ಡ ಔಷಧಿಗೆ ದುಡ್ಡು ಹೊಂದಿಸುತ್ತಿದ್ದಾರೆ ಎಂದು ನಾನು ಅಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅಳು ತಡೆದುಕೊಂಡೆ.

ಇಷ್ಟರಲ್ಲಿ ಸುದ್ದಿ ಹೇಗೋ ಊರು ದಾಟಿತ್ತು. ಒಂದು ಮಧ್ಯಾಹ್ನ ತಾತನ ತಂಗಿ, ದಬ್ಬೇಘಟ್ಟದಲ್ಲಿದ್ದ ನಮ್ಮ ಚಿಕ್ಕಜ್ಜಿ, ಒಂದು ಬಟ್ಟೆಗಂಟು ಹಿಡಿದು ಬಸ್ಸಿಳಿದು ಬಂದಳು. ಬಾಗಿಲಲ್ಲೇ ನಿಂತು ಅಮ್ಮನನ್ನು, "ಅಣ್ಣಯ್ಯನ ಫೋಟೋ ತೆಗೀತಾ ಅವ್ರಂತೆ, ಹೌದಾ?" ಎಂದು ಕೇಳಿ ಕಣ್ಣಿಗೆ ಸೆರಗು ಹಚ್ಚಿದಳು. ತಾತ ಆಗ ಹಿತ್ತಲಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದರು. ಬಂದು ತಂಗಿಯನ್ನು ನೋಡಿ, ಅವಳ ಗಂಟನ್ನು ನೋಡಿ, ಗಂಟಿನಲ್ಲಿ ಎಷ್ಟು ದಿನದ ಬಟ್ಟೆ ಇದೆ ಎಂದು ಅಂದಾಜು ಮಾಡಿದವರಂತೆ ನಿಂತರು.

"ಯಾರು ಹೇಳಿ ಕಳಿಸಿದ್ರು ನಿಂಗೆ?"

"ಯಾರೂ ಇಲ್ಲ ಕಣಣ್ಣ. ಸುಮ್ಕೆ ನೋಡ್ಕೊಂಡು ಹೋಗಾನ ಅಂತ ಬಂದೆ."

"ಹೋದ ವರ್ಷ ಹಬ್ಬಕ್ಕೆ ಕರೆದ್ರೆ ಮಂಡಿನೋವು ಅಂದಿದ್ದೆ. ಈಗ ಮಂಡಿ ವಾಸಿ ಆಯ್ತಾ?"

ಚಿಕ್ಕಜ್ಜಿ ಮತ್ತೆ ಅತ್ತಳು. ತಾತ ಅವಳನ್ನು ಸಮಾಧಾನ ಮಾಡಲಿಲ್ಲ. ನನ್ನ ಕಡೆ ತಿರುಗಿ, 'ನೋಡಿದ್ಯಾ' ಎನ್ನುವಂತೆ ಹುಬ್ಬೆತ್ತಿದರು.

ಮರುದಿನ ನಾನು ಕಾಲೇಜಿಗೆ ಹೊರಟಾಗ ತಾತ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು ತೋಟದ ದಾರಿಯಲ್ಲಿ ನಿಂತಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ನಡಿ" ಎಂದರು. ತಿಪಟೂರಿನಲ್ಲಿ ಇಳಿದ ಮೇಲೆ, "ಇವತ್ತು ಪಾಠ ಬುಟ್ಟುಬುಡು. ನನ್ನ ಜೊತೆ ಬಾ. ಅವರು ಇಂಗ್ಲೀಷಿನಲ್ಲಿ ಏನಾದ್ರೂ ಅಂದ್ರೆ ನಂಗೆ ತಿಳಿಸ್ಬೇಕು ನೀನು" ಎಂದರು.

ಡಾಕ್ಟರ ಶಾಪಿನಲ್ಲಿ ಜನ ತುಂಬಿತ್ತು. ನಮ್ಮ ಸರದಿ ಬಂದಾಗ ತಾತ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಬಾಗಿಲು ತೆರೆದೇ ಇರಲಿ ಎಂದು ನನಗೆ ಸನ್ನೆ ಮಾಡಿದರು.

"ನಂಗೆ ಏನಾಗೈತೆ, ಹೇಳ್ಬುಡಿ ಸ್ವಾಮಿ. ಇನ್ನೆಷ್ಟು ದಿವ್ಸ?"

ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಹಳೇ ಕೆಮ್ಮು ಯಜಮಾನ್ರೇ. ನಶ್ಯ ಕಮ್ಮಿ ಮಾಡಿ ಅಂದಿದ್ದೆ, ಮಾಡಿದ್ರಾ?"

"ನಶ್ಯದ ಮಾತು ಆಮೇಲೆ. ಅವತ್ತು ನನ್ನನ್ನ ಆಚೆಗೆ ಕಳಿಸಿ ನನ್ನ ಮಗನ ಕೈಲಿ ಏನು ಮಾತಾಡಿದ್ರಿ?"

"ಓ, ಅದಾ. ನನ್ನ ಮಗಳ ಮದುವೆ ಇತ್ತಲ್ಲ, ತಾಂಬೂಲಕ್ಕೆ ಒಳ್ಳೇ ಕಾಯಿ ಬೇಕಿತ್ತು. ನಿಮ್ಮ ಮಗನ್ನ ಕೇಳಿದ್ದೆ. ತಲುಪ್ತು. ದುಡ್ಡು ಬೇಡ ಅಂದ್ಬುಟ್ರು ಪಾಪ. ಎರಡು ಮೂಟೆ, ಎಲ್ಲಾ ಒಂದೇ ಸಮ ಇದ್ವು."

ತಾತ ಕೊಡೆ ಎತ್ತಿಕೊಂಡು ಎದ್ದರು. ನನಗೆ ಹಿತ್ತಲ ಬಾಗಿಲಿನ ಗಾಡಿ ಕಣ್ಣ ಮುಂದೆ ಬಂತು. ಒಂದು ಮೂಟೆ ಕಾಯಿಯನ್ನು ಸುಮ್ಮನೆ ಕೊಡುತ್ತೇನೆಂದರೂ ತಾತ ಒಪ್ಪುವವರಲ್ಲ. ಎರಡು ಮೂಟೆಯನ್ನು ಅವರ ಕಣ್ಣು ತಪ್ಪಿಸಿ ಕೊಡಲು ಒಪ್ಪಿಕೊಂಡು ಬಂದಿದ್ದ ಅಪ್ಪ, ಅವರ ಮುಖ ನೋಡಿ ಜಗಳವಾಡುವುದು ಹೇಗೆ.

ಆಚೆ ಬಂದ ಮೇಲೆ, ಈಗಲಾದರೂ ತಾತ ಹಗುರಾಗಿರಬೇಕು ಎಂದುಕೊಂಡೆ. ಅವರು ಕೊಡೆಯನ್ನು ನೆಲಕ್ಕೆ ಊರಿ, "ಡಾಕ್ಟರು ಹೇಳಿದ್ದು ನಿಜ ಇದ್ದರೂ ಇರಬಹುದು. ಆದ್ರೆ ಕಾಯಿಗೂ ಫೋಟೋಗೂ ಏನು ಸಂಬಂಧ?" ಎಂದರು. ಅದೇ ಅನುಮಾನ ನನ್ನಲ್ಲೂ ಉಳಿದಿತ್ತು.

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನಾನು ರೋಲು ಕೊಡುವ ಸ್ಟುಡಿಯೋ ಸಿಕ್ಕಿತು. ತಾತ ಅದರ ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ಒಳಗೆ ಮದುಮಕ್ಕಳು, ಗೌನು ತೊಟ್ಟ ಪದವೀಧರರು, ತೊಡೆಯ ಮೇಲೆ ಮಗು ಕೂರಿಸಿಕೊಂಡ ತಾಯಂದಿರು. ಅವರು ಒಂದೊಂದನ್ನೂ ನೋಡುತ್ತಾ ಹೋದರು. ಸ್ಟುಡಿಯೋದವನು ಆಚೆ ಬಂದು ನನ್ನನ್ನು ಗುರುತು ಹಿಡಿದು ನಕ್ಕ.

"ಇವರೆಲ್ಲ ಬದುಕವ್ರಾ?" ಎಂದು ತಾತ ಅವನನ್ನು ಕೇಳಿದರು.

"ಇದಾರೆ ಯಜಮಾನ್ರೇ. ಎಲ್ಲಾ ಈಚೆಗೆ ತೆಗೆದದ್ದೇ."

"ನನ್ನ ಹೆಂಡ್ತಿ ತೀರ್ಕೊಂಡಾಗ ನಿಮ್ಮ ಅಂಗಡಿಯಿಂದ ಒಬ್ರು ಬಂದಿದ್ರು. ಆ ಫೋಟೋಗೆ ಕಣ್ಣು ಬರೆದೋರು ಯಾರು?"

ಅವನ ನಗು ನಿಂತಿತು. "ನಮ್ಮಪ್ಪ ಇರ್ಬೇಕು. ಆಗ ಅಂಥವಕ್ಕೆಲ್ಲ ಅವರೇ ಹೋಗ್ತಿದ್ರು."

"ಅವಳ ಕಣ್ಣು ಸಣ್ಣವು," ಎಂದರು ತಾತ. "ನಕ್ಕರೆ ಮುಚ್ಚೇ ಹೋಗವು. ಒಂದು ಮಾತು ಕೇಳಿ ಬರೀಬೇಕಿತ್ತು."

ಅವನು ಅಂಗಿಗೆ ಕೈ ಒರೆಸಿಕೊಂಡ. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕುತ್ತಾರೆ. ಹಾಗೆ ಕೂರಿಸಿದಾಗ ತೆಗೆದ ಚಿತ್ರ ಅದು ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ನಾನು ನೋಡಿದ ಅಜ್ಜಿಯ ಕಣ್ಣುಗಳು ಯಾರೋ ಬರೆದ ಕಣ್ಣುಗಳು.

ಮನೆಗೆ ಬಂದ ತಾತ ಕೊಡೆ ಇಡುವ ಮೊದಲೇ ಅಪ್ಪನನ್ನು ಕೂಗಿದರು. "ಎರಡು ಮೂಟೆ ಕಾಯಿ ಎಲ್ಲಿ ಹೋಯ್ತಲಾ?"

ಅಪ್ಪ ಮೊದಲು ತೊದಲಿದರು. ಆಮೇಲೆ, ಯಾರು ಹೇಳಿದರು ಎಂದರು. ಆಮೇಲೆ, ಇಡೀ ವರ್ಷ ಕರೆದಾಗೆಲ್ಲ ನೋಡುವ ಡಾಕ್ಟರಿಗೆ ಎರಡು ಮೂಟೆ ಕಾಯಿ ಕೊಟ್ಟರೆ ಏನಾಯಿತು, ಈ ಮನೆಯಲ್ಲಿ ತನಗೆ ಅಷ್ಟೂ ಅಧಿಕಾರ ಇಲ್ಲವೇ ಎಂದರು. ತಾತ ದನಿ ಏರಿಸಿದರು, ಅಪ್ಪನೂ ಏರಿಸಿದರು. ಚಿಕ್ಕಜ್ಜಿ ಎದ್ದು ಬಂದು ನಡುವೆ ನಿಂತು, ಇಂಥ ಹೊತ್ತಿನಲ್ಲಿ ಅಣ್ಣಯ್ಯನ ಜೊತೆ ಜಗಳ ಆಡಬೇಡ ಎಂದು ಅಪ್ಪನನ್ನು ಬೇಡಿಕೊಂಡಳು. "ಇಂಥ ಹೊತ್ತು ಅಂದ್ರೆ ಎಂಥ ಹೊತ್ತು?" ಎಂದು ಅಪ್ಪ ಅವಳ ಮೇಲೂ ರೇಗಿದರು. ಗೊಬ್ಬರ, ನೀರು, ರೇಡಿಯೋ, ಅಷ್ಟು ದಿನ ತಡೆದಿಟ್ಟದ್ದೆಲ್ಲ ಆಚೆ ಬಂತು.

ಜಗಳ ಮುಗಿದ ಮೇಲೆ ತಾತ ಜಗಲಿಗೆ ಬಂದು ನನ್ನ ಪಕ್ಕ ಕೂತರು. ಏದುಸಿರು ಬಿಡುತ್ತಿದ್ದರು. ಆದರೆ ಮುಖದಲ್ಲಿ ಕಳೆ ಬಂದಿತ್ತು. "ಜಗಳ ಆಡ್ದ," ಎಂದರು ಮೆತ್ತಗೆ. "ಸಾಯೋನ ಜೊತೆ ಯಾರೂ ಹಿಂಗೆ ಆಡಲ್ಲ." ನಶ್ಯದ ಡಬ್ಬಿ ತೆರೆದು ಒಂದು ಚಿಟಿಕೆ ಏರಿಸಿ, ಅಂದು ರಾಗಿಮುದ್ದೆ ಇನ್ನರ್ಧ ಕೇಳಿ ಹಾಕಿಸಿಕೊಂಡು ಉಂಡರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮರುದಿನ ಅಪ್ಪ ತೋಟದಲ್ಲಿ ಪಾತಿಗೆ ನೀರು ತಿರುಗಿಸುತ್ತಿದ್ದಾಗ ಹೋಗಿ ನೇರವಾಗಿ ಕೇಳಿದೆ. "ತಾತನ ಫೋಟೋ ಯಾಕೆ ಬೇಕು ನಿಂಗೆ? ಡಾಕ್ಟರು ಕಾಯಿ ಬಿಟ್ಟು ಬೇರೆ ಏನಾದ್ರೂ ಹೇಳಿದಾರಾ?"

"ಏನೂ ಹೇಳಿಲ್ಲ ಮಗ. ನಿಜವಾಗ್ಲೂ."

"ಮತ್ತೆ ಕದ್ದುಮುಚ್ಚಿ ಯಾಕೆ ಹೇಳ್ದೆ?"

ಅಪ್ಪ ಗುದ್ದಲಿಯ ಮೇಲೆ ಕೈ ಊರಿ ನಿಂತರು. ನೀರು ಪಾತಿ ತುಂಬಿ ಆಚೆ ಹರಿಯತೊಡಗಿದರೂ ತಿರುಗಿಸಲಿಲ್ಲ.

"ಅವ್ವನ ಫೋಟೋ ತೆಗೆಯೋವಾಗ ಅವಳ ತಲೆ ನಿಲ್ತಿರಲಿಲ್ಲ," ಎಂದರು. "ಮುಂದಕ್ಕೆ ಬೀಳೋದು. ಕುರ್ಚಿ ಹಿಂದೆ ನಿಂತು ನಾನು ಹಿಡ್ಕೊಂಡಿದ್ದೆ. ಫೋಟೋದಲ್ಲಿ ನನ್ನ ಕೈನೂ ಬಂದಿತ್ತಂತೆ. ಅದನ್ನ ಅಳಿಸಿ, ಕಣ್ಣು ಬರೆದು ಕೊಟ್ರು. ಅದನ್ನ ನೋಡಿ ಅಪ್ಪಯ್ಯ ಏನೂ ಅನ್ನಲಿಲ್ಲ. ಆದ್ರೆ ಆ ಗೋಡೆ ಕಡೆ ಮುಖ ಮಾಡಿ ಅವರು ಕೂತಿದ್ದು ನಾನು ನೋಡೇ ಇಲ್ಲ. ನಿಮ್ಮಮ್ಮ ಅವರೆಕಾಯಿ ಸುಲಿಯೋ ಫೋಟೋ ತಂದ್ಯಲ್ಲ, ಅವತ್ತು ಅನ್ನಿಸ್ತು. ಇದ್ದಾಗ್ಲೇ ಅಪ್ಪಯ್ಯಂದೂ ಒಂದು ತೆಗ್ಸಬೇಕು ಅಂತ."

"ಇದನ್ನೇ ತಾತನಿಗೆ ಹೇಳಬಹುದಿತ್ತಲ್ಲ."

"ಹೆಂಗೆ ಹೇಳ್ಲಿ? ನೀನಾಗಿದ್ರೆ ಹೇಳ್ತಿದ್ಯಾ?"

ನಾನು ಹೇಳುತ್ತಿರಲಿಲ್ಲ. ತಾತನ ಅನುಮಾನ ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. ಅವರು ಹೋಗುವ ದಿನದ ಯೋಚನೆ ಅಪ್ಪನ ತಲೆಯಲ್ಲಿ ಇದ್ದದ್ದೇ ನಿಜ. ಆದರೆ ಆ ಯೋಚನೆಗೆ ಡಾಕ್ಟರು ಬೇಕಿರಲಿಲ್ಲ. ಮನೆಗೆ ಬಂದು ತಾತನಿಗೆ ನಾನು ಏನೂ ಹೇಳಲಿಲ್ಲ. ಕೂತುಕೋ, ಇತ್ತ ನೋಡು ಎಂದು ಅವರನ್ನು ಮತ್ತೆ ಕೇಳುವುದೂ ಬೇಡ ಎಂದು ತೀರ್ಮಾನಿಸಿದೆ.

ಅದಾದ ಮೇಲಿನ ಭಾನುವಾರ ಅಟ್ಟದಿಂದ ಕಾಯಿ ಇಳಿಸುವುದಿತ್ತು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಹಾಗೆ ಸದ್ದು ಬಂದರೆ ಸುಲಿಯಲು, ಬಾರದಿದ್ದರೆ ಮತ್ತೆ ಅಟ್ಟಕ್ಕೆ. ಅಪ್ಪ ಅಲ್ಲಾಡಿಸಿ ಎರಡು ರಾಶಿ ಮಾಡುತ್ತಿದ್ದರು. ತಾತ ಸೋಗೆಯ ಚಪ್ಪರದ ಅಂಚಿನಲ್ಲಿ ಮಣೆ ಹಾಕಿಕೊಂಡು ಕೂತು, ಅಪ್ಪ ಬದಿಗಿಟ್ಟ ಕಾಯಿಗಳನ್ನು ಎತ್ತಿಕೊಂಡು ಮತ್ತೆ ತಾವು ಅಲ್ಲಾಡಿಸುತ್ತಿದ್ದರು.

ನಾನು ಕ್ಯಾಮೆರಾ ಹಿಡಿದು ಆಚೆ ಕಂಬದ ಹತ್ತಿರ ಕೂತೆ. ತಾತ ಓರೆಗಣ್ಣಲ್ಲಿ ನೋಡಿದರು. "ಯಾರದು ತೆಗೀತೀಯ?"

"ಗೊತ್ತಿಲ್ಲ ತಾತ. ಯಾರು ಚೆನ್ನಾಗಿ ಕಂಡ್ರೆ ಅವರದು."

ಅವರು ಸ್ವಲ್ಪ ಹೊತ್ತು ಬೆನ್ನು ಸೆಟೆಸಿಕೊಂಡು, ನನ್ನ ಕಡೆ ಗಮನವಿಟ್ಟೇ ಕೂತಿದ್ದರು. ನಾನು ಕ್ಯಾಮೆರಾವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಲೆನ್ಸನ್ನು ತಲೆಯ ಗುರುತಿಗೆ ಆಗಲೇ ತಿರುಗಿಸಿದ್ದೆ. ಅಂಗಳದ ಬೆಳಕು ಒಂದು ಪಕ್ಕದಿಂದ ಅವರ ಕೆನ್ನೆಯ ಮೇಲೆ, ವಿಭೂತಿಯ ಗೆರೆಗಳ ಮೇಲೆ ಬಿದ್ದಿತ್ತು. ಹಿಂದೆ ಸೋಗೆಯ ನೆರಳು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕಾಯುತ್ತಾ ಕೂತೆ. ಕಾಯಿ ಬರುತ್ತಿದ್ದ ಹಾಗೆ ತಾತ ನನ್ನನ್ನು ಮರೆತರು.

ಅಪ್ಪ ಒಂದು ಕಾಯಿಯನ್ನು ಅಲ್ಲಾಡಿಸಿ, "ಆಗೈತೆ" ಎಂದು ಸುಲಿಯುವ ರಾಶಿಗೆ ಹಾಕಿದರು. ತಾತ ಕೈಚಾಚಿ ಅದನ್ನೇ ಎತ್ತಿಕೊಂಡರು. ಕಿವಿಯ ಪಕ್ಕಕ್ಕೆ ಹಿಡಿದು ಒಮ್ಮೆ ಅಲ್ಲಾಡಿಸಿದರು. ಒಂದು ಕಣ್ಣು ಕಿರಿದು ಮಾಡಿ, ತುಟಿ ಒತ್ತಿ, ಇನ್ನೊಂದು ಕಣ್ಣಿನಿಂದ ಅಪ್ಪನನ್ನು ನೋಡಿದರು. ನಾನು ಎರಡು ಹೆಜ್ಜೆ ಮುಂದೆ ಸರಿದು ಒತ್ತಿದೆ.

ಕ್ಲಿಕ್ ಎಂದದ್ದು ಕೇಳಿ ಅವರು ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಕಾಯಿಯನ್ನು ಅಪ್ಪನ ಕಡೆ ಉರುಳಿಸಿ, "ಇದಾಗಿಲ್ಲ, ಮೇಲಕ್ಕೆ ಹಾಕು" ಎಂದರಷ್ಟೆ. ಅಪ್ಪ ಮತ್ತೆ ಅಲ್ಲಾಡಿಸಿ, ಆಗಿದೆ ಎಂದು ವಾದಕ್ಕೆ ನಿಂತರು.

ಪ್ರಿಂಟು ತಂದ ದಿನ ಮೊದಲು ಅಪ್ಪನಿಗೆ ತೋರಿಸಲಿಲ್ಲ, ತಾತನಿಗೇ ಕೊಟ್ಟೆ. ಸ್ಟುಡಿಯೋದವನು ದೊಡ್ಡದು ಮಾಡಿ ಕೊಟ್ಟಿದ್ದ. ಒಂದು ಗೆರೆಯನ್ನೂ ತಿದ್ದಬೇಡ ಎಂದು ನಾನು ಎರಡೆರಡು ಸಲ ಹೇಳಿದ್ದೆ. ತಾತ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂಭಾಗ ತಿರುಗಿಸಿ ನೋಡಿದರು. ಮತ್ತೆ ಮುಂಭಾಗ.

"ಇವನು ಯಾರನ್ನೂ ನಂಬೋನಲ್ಲ," ಎಂದರು.

"ಚೆನ್ನಾಗಿ ಬಂದಿಲ್ವಾ ತಾತ?"

"ನಾನೇ. ಸರಿಯಾಗೈತೆ." ಆಮೇಲೆ ನನ್ನನ್ನು ದಿಟ್ಟಿಸಿ, "ನಿಮ್ಮಪ್ಪ ತಾನೇ ಹೇಳಿದ್ದು?" ಎಂದರು.

ನಾನು ಹೂಂ ಎಂದೆ. ಇನ್ನೇನು ಕೇಳುತ್ತಾರೋ ಎಂದು ಕಾದೆ. ಅವರು ಕೇಳಲಿಲ್ಲ. ಫೋಟೋವನ್ನು ನನ್ನ ಕೈಗೆ ವಾಪಸು ಕೊಟ್ಟು, "ಅವನಿಗೂ ತೋರ್ಸು ಹೋಗು" ಎಂದರು. ಅಪ್ಪ ಅದನ್ನು ನೋಡುತ್ತಾ ನಿಂತಾಗ ತಾತ ಜಗಲಿಯಿಂದ ಅಪ್ಪನ ಮುಖವನ್ನು ನೋಡುತ್ತಿದ್ದರು. ತಾತ ಆಮೇಲೂ ಎಷ್ಟೋ ವರ್ಷ ಇದ್ದರು. ನನ್ನ ಮದುವೆಯಲ್ಲಿ ಫೋಟೋದವನು ಅವರನ್ನು ನಿಲ್ಲಿಸಿ, "ಸ್ವಲ್ಪ ನಗಿ ತಾತ" ಎಂದಾಗ, "ಯಾಕೆ?" ಎಂದು ಕೇಳಿ ಅವನನ್ನು ಕಂಗಾಲು ಮಾಡಿದರು.

ಆ ಫೋಟೋ ಬಂದ ಮೇಲೆ ಚಿಕ್ಕಜ್ಜಿ ಅಣ್ಣನ ಜೊತೆ ಇನ್ನೊಂದು ವಾರ ಇದ್ದು ಊರಿಗೆ ಹೊರಟಳು. ಬಸ್ಸಿಗೆ ಹತ್ತಿಸಲು ನಾನು ಹೋಗಿದ್ದೆ. ಕ್ಯಾಮೆರಾ ಹೆಗಲಲ್ಲೇ ಇತ್ತು. ರಸ್ತೆಯ ಬದಿ ಹುಣಸೆಮರದ ನೆರಳಲ್ಲಿ ಕೂತ ಚಿಕ್ಕಜ್ಜಿ ಅದನ್ನೇ ನೋಡಿ ನೋಡಿ, ಕೊನೆಗೆ ಹತ್ತಿರ ಕರೆದಳು.

"ನಂದೂ ಒಂದು ತೆಗಿ ಮಗ. ನಮ್ಮ ಮನೇಲಿ ಗೊತ್ತಾಗಬಾರ್ದು. ಗೊತ್ತಾದ್ರೆ ನಂಗೇನೋ ಆಗೈತೆ ಅಂತ ಎಲ್ಲಾ ಬಂದು ಕೂತ್ಕೊಂಬುಡ್ತಾರೆ."

ಸೆರಗು ಸರಿಮಾಡಿಕೊಂಡು, ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಕೂತುಕೋ, ನಗು ಎಂದು ನಾನು ಏನೂ ಹೇಳಲಿಲ್ಲ. ಮಂಡಿನೋವು ಹೇಗಿದೆ ಅಜ್ಜಿ ಎಂದು ಕೇಳಿದೆ. ಅವಳು ಮಂಡಿಯ ವಿಷಯ ಹೇಳುತ್ತಾ ಹೇಳುತ್ತಾ, ಹಬ್ಬಕ್ಕೆ ಬಾರದೆ ಇದ್ದದ್ದಕ್ಕೆ ನಿಜವಾದ ಕಾರಣ ಮಂಡಿ ಅಲ್ಲವೆಂದೂ, ಅಣ್ಣಯ್ಯ ಪ್ರತಿ ಸಲವೂ ತನ್ನ ಗಂಟನ್ನು ಅಳೆಯುವಂತೆ ನೋಡುತ್ತಾನೆಂದೂ ಹೇಳಿ ನಗತೊಡಗಿದಳು. ನಕ್ಕಾಗ ಅವಳ ಕಣ್ಣುಗಳು ಸಂದಿಯಷ್ಟಾದವು. ನಾನು ಒತ್ತಿದೆ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಸದ್ದಾಯಿತು. ಚಿಕ್ಕಜ್ಜಿ ಎದ್ದು, ಬಸ್ಸಿನಲ್ಲಿ ತನ್ನೂರಿನವರು ಯಾರಾದರೂ ನೋಡಿಬಿಟ್ಟರೋ ಎಂದು ಕಿಟಕಿಗಳ ಮೇಲೆಲ್ಲ ಒಂದು ಸಲ ಕಣ್ಣಾಡಿಸಿ, ಮೆಟ್ಟಿಲು ಹತ್ತಿದಳು.